ಒಂಬೈನೂರು ದೊಡ್ಡದೋ, ಹನ್ನೆರಡು ಸಾವಿರ ದೊಡ್ಡದೋ?

ವ್ಯಾಪಾರದಿಂದ ಜೀವನ ನಡೆಸುವ ಶ್ರಾವಕನಿಗೆ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವೆಂಬುದು ದಿನನಿತ್ಯ ಕಣ್ಣೆದುರಿಗಿರುವಂಥದು. ಕೊಳ್ಳುವಾಗ ಹೆಚ್ಚಾಗಿ ಅಳೆದುಕೊಂಡು, ಕೊಡುವಾಗ ಕಡಿಮೆಯಾಗಿ ಅಳೆದುಕೊಡುವ ದೋಷವದು. ಹಿರಿಯರು ಈ ದೋಷಕ್ಕೆ ಹೆದರಿ ಬೆಳಗ್ಗೆ ಅಂಗಡಿಯ ಬಾಗಿಲು ತೆರೆದೊಡನೆ ತಕ್ಕಡಿಯ ತಟ್ಟೆಗಳನ್ನು ಒರೆಸಿ, ಬರಿದಾದ ತಕ್ಕಡಿಯನ್ನು ಎತ್ತಿ ಹಿಡಿದು ಮುಳ್ಳು ನೆಟ್ಟಗೆ ನಿಂತಿದೆಯೇ ಎಂದು ನೋಡುತ್ತಿದ್ದರು. ಈಗ ತಕ್ಕಡಿಯ ಸ್ಥಾನಕ್ಕೆ ವಿದ್ಯುತ್ ತೂಕದ ಯಂತ್ರ ಬಂದಿದೆ. ಖಾತೆ ಪುಸ್ತಕದ ಸ್ಥಾನಕ್ಕೆ ಗಣಕಯಂತ್ರ ಬಂದಿದೆ. ಮುಳ್ಳು ಕಣ್ಣಿಗೆ ಕಾಣದ ಈ ತಕ್ಕಡಿಗೂ ವ್ರತ ಅನ್ವಯಿಸುತ್ತದೆಯೇ? ಹುಣಸೂರಿನ ಒಬ್ಬ ದಿನಸಿ ವರ್ತಕರು 2022ರ ಭಾದ್ರಪದ ಮಾಸದಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಅವರ ಅಂಗಡಿ ತಂದೆಯ ಕಾಲದ್ದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದಲೂ ಅವರಲ್ಲಿಗೆ ಗಿರಾಕಿಗಳು ಬರುತ್ತಾರೆ. ಈ ಸೀಮೆಯ ರೈತನ ಕೈಗೆ ಹಣ ಬರುವುದು ಬೆಳೆಯ ಕಾಲಕ್ಕೆ ಮಾತ್ರ. ಹೊಗೆಸೊಪ್ಪಿನವರಿಗೆ ಹರಾಜು ಆಗಬೇಕು. ಗದ್ದೆಯವರಿಗೆ ಭತ್ತ ಬರಬೇಕು. ಹೆಗ್ಗಡದೇವನಕೋಟೆಯ ಕಡೆಯ ಬೆದ್ದಲಿನವರಿಗೆ ಹತ್ತಿಯೋ ರಾಗಿಯೋ ಕೈಗೆ ಹತ್ತಬೇಕು. ಅಲ್ಲಿಯವರೆಗೆ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ ಎಲ್ಲವೂ ಉದ್ದರಿ. ತಂದೆಯವರು ನಡೆಸಿಕೊಂಡು ಬಂದ ಒಂದು ಪದ್ಧತಿಯುಂಟು. ದಶಲಕ್ಷಣ ಪರ್ವಕ್ಕೆ ಮೊದಲು ಎಲ್ಲ ಖಾತೆಗಳನ್ನೂ ನೋಡಿ, ಒಂದು ಮಿತಿಯೊಳಗಿನ ಸಣ್ಣ ಬಾಕಿಗಳನ್ನು ಮನ್ನಾ ಮಾಡುವುದು; ಮಿತಿ ಮೀರಿದ ಬಾಕಿಗಳಿಗೆ ಮಾತ್ರ ವಿನಯದಿಂದ ತಗಾದೆಯ ಪತ್ರ ಬರೆಯುವುದು. 2022ರಲ್ಲಿ ಆ ಮಿತಿ 2,000 ರೂಪಾಯಿ ಎಂದು ನಿರ್ಧಾರವಾಗಿತ್ತು.

ಅದುವರೆಗೆ ಈ ಕೆಲಸವನ್ನು ಗುಮಾಸ್ತರು ಕೈಯಲ್ಲಿ ಮಾಡುತ್ತಿದ್ದರು. ಆ ವರ್ಷ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಿರಿಯ ಮಗನು ರಜೆಯಲ್ಲಿ ಬಂದವನು, ತಂದೆಯ ಶ್ರಮ ತಪ್ಪಿಸಲೆಂದು ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದನು. ಹೆಸರು, ಊರು, ಬಾಕಿ ಇಷ್ಟನ್ನು ಗುಮಾಸ್ತರು ಪರದೆಯ ಮೇಲಿನ ಚೌಕಗಳಲ್ಲಿ ತುಂಬಬೇಕು. ಮಿತಿಯನ್ನು ಇನ್ನೊಂದು ಚೌಕದಲ್ಲಿ ಬರೆಯಬೇಕು. ಬಾಕಿ ಮಿತಿಗಿಂತ ದೊಡ್ಡದಾದರೆ ತಗಾದೆಯ ಪತ್ರ, ಮಿತಿಗೆ ಸಮವಾಗಿದ್ದರೆ ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಮನ್ನಾ ಪತ್ರ ತಾನಾಗಿ ಅಚ್ಚಾಗಿ ಬರುತ್ತದೆ. ಪರೀಕ್ಷೆಗೆಂದು 3,500 ಹಾಕಿ ನೋಡಿದರು, ತಗಾದೆ ಬಂತು. 1,500 ಹಾಕಿ ನೋಡಿದರು, ಮನ್ನಾ ಬಂತು. ಒಟ್ಟು 146 ಖಾತೆಗಳು. ಎರಡು ಕಟ್ಟುಗಳನ್ನು ಎಣಿಸಿದಾಗ 146 ಪತ್ರಗಳೇ ಇದ್ದವು. ಒಂದೇ ಸಂಜೆಯಲ್ಲಿ ವರ್ತಕರು ಅಷ್ಟಕ್ಕೂ ಸಹಿ ಹಾಕಿದರು. ಮರುದಿನ ಪತ್ರಗಳು ಅಂಚೆಗೆ ಬಿದ್ದವು.

ಹನ್ನೆರಡು ದಿನಗಳ ಅನಂತರ ಸಂಜೆ ಕಿರ್ದಿ ನೋಡುತ್ತಿದ್ದಾಗ ಒಂದು ಜಮೆ ಅವರ ಕಣ್ಣಿಗೆ ಬಿದ್ದಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಯ ವೃದ್ಧೆಯೊಬ್ಬರ ಹೆಸರಿನಲ್ಲಿ 900 ರೂಪಾಯಿ. ಆ ಖಾತೆಯ ಪೂರ್ತಿ ಬಾಕಿಯೇ 900. ಮನ್ನಾ ಆಗಬೇಕಾದ ಬಾಕಿಯನ್ನು ಆಕೆ ಏಕೆ ಕಟ್ಟಿದರು ಎಂದು ಕೇಳಿದರೆ, “ತಗಾದೆ ಕಾಗದ ಹಿಡಿದುಕೊಂಡೇ ಬಂದಿದ್ದರು, ತೆಗೆದುಕೊಂಡು ರಸೀದಿ ಕೊಟ್ಟೆ” ಎಂದರು ಗುಮಾಸ್ತರು. ವರ್ತಕರು ಆ ರಾತ್ರಿಯೇ ಎರಡೂ ಪಟ್ಟಿಗಳನ್ನು ಬಿಚ್ಚಿಕೊಂಡು ಕುಳಿತರು. 640 ರೂಪಾಯಿಯವರಿಗೆ ತಗಾದೆ ಹೋಗಿತ್ತು. 900ಕ್ಕೆ ಹೋಗಿತ್ತು. 12,000 ರೂಪಾಯಿ ಬಾಕಿಯಿದ್ದ ಒಬ್ಬ ಗುತ್ತಿಗೆದಾರರಿಗೆ, 18,500 ಬಾಕಿಯಿದ್ದ ಮತ್ತೊಬ್ಬರಿಗೆ ಮನ್ನಾ ಪತ್ರ ಹೋಗಿತ್ತು. ಒಟ್ಟಿನಲ್ಲಿ ಹನ್ನೊಂದು ಮಂದಿ ಬಡವರಿಗೆ ತಪ್ಪು ತಗಾದೆ, ಆರು ಮಂದಿ ಅನುಕೂಲಸ್ಥರಿಗೆ ತಪ್ಪು ಮನ್ನಾ. ಪತ್ರಗಳ ಎಣಿಕೆ ಮಾತ್ರ ಸರಿಯಾಗಿತ್ತು. ತಾಳೆಪಟ್ಟಿ ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ ಎಂಬ ವಾಣಿಜ್ಯಶಾಸ್ತ್ರದ ಮೊದಲ ಪಾಠ ಅವರಿಗೆ ನೆನಪಾಯಿತು.

ಬೆಳಗಿನ ಮೊದಲ ಬಸ್ಸಿಗೆ ಅವರು ಆ ವೃದ್ಧೆಯ ಹಳ್ಳಿಗೆ ಹೊರಟರು. ಆಕೆ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದರು. 900 ರೂಪಾಯಿಯನ್ನು ಮುಂದಿಟ್ಟು, “ತಪ್ಪಾಗಿದೆ ತಾಯಿ, ಇದು ನಾವು ಬಿಟ್ಟುಕೊಡಬೇಕಾಗಿದ್ದ ಹಣ” ಎಂದರು. ಆಕೆಗೆ ಅರ್ಥವಾಗಲಿಲ್ಲ. “ತಿಂದಿದ್ದು ನಾನೇ ಅಲ್ವಾ ಸಾವ್ಕಾರ್ರೆ? ಕಾಗ್ದದಲ್ಲಿ ಹದಿನೈದು ದಿನ್ದೊಳ್ಗೆ ಕೊಡ್ಬೇಕು ಅಂತ ಬರ್ದೈತೆ ಅಂತ ಪಕ್ಕದ್ಮನೆ ಮಗು ಓದಿ ಹೇಳ್ತು. ಎಲ್ಡು ಆಡಿದ್ವು, ಒಂದ್ನ ಸಂತೇಲಿ ಮಾರ್ಬುಟ್ಟೆ” ಎಂದರು.

ಆಡನ್ನು ಕೊಂಡವರು ಯಾರು, ಎಲ್ಲಿಗೆ ಒಯ್ದರು ಎಂದು ವರ್ತಕರು ವಿಚಾರಿಸಿದರು. ಸಂತೆ ಮುಗಿದು ಮೂರು ದಿನಗಳಾಗಿದ್ದವು. ಸಂತೆಯಲ್ಲಿ ಮಾರಿದ ಆಡು ಎಲ್ಲಿಗೆ ಹೋಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಹಳ ಒತ್ತಾಯದ ಮೇಲೆ ಹಣವನ್ನು ತೆಗೆದುಕೊಂಡ ಆಕೆ ಕೊನೆಗೆ ಕೇಳಿದ್ದು ಒಂದೇ ಮಾತು: “ಅಷ್ಟು ದೊಡ್ಡ ಮಿಷನ್ನಿಗೆ ಒಂಬೈನೂರು ಅಂದ್ರೆ ಎಷ್ಟು ಅಂತ ಗೊತ್ತಾಗಕ್ಕಿಲ್ವಾ ಸ್ವಾಮಿ?”

ಈ ಪ್ರಶ್ನೆಯನ್ನು ವರ್ತಕರು ಮನೆಗೆ ಬಂದು ಮಗನಿಗೆ ಹಾಗೆಯೇ ಒಪ್ಪಿಸಿದರು. ಮಗನು ಒಂದು ಗಂಟೆಯ ಕಾಲ ಪರದೆಯ ಮುಂದೆ ಕುಳಿತು ತಪ್ಪನ್ನು ಕಂಡುಹಿಡಿದನು. ಅದು ಹೀಗೆ.

ಗಣಕಯಂತ್ರದ ಒಳಗೆ ಪ್ರತಿಯೊಂದು ಮೌಲ್ಯಕ್ಕೂ ಒಂದು ಪ್ರಕಾರವಿರುತ್ತದೆ. 900 ಎಂಬುದು ಸಂಖ್ಯೆಯಾಗಿರಬಹುದು. 9, 0, 0 ಎಂಬ ಮೂರು ಅಕ್ಷರಗಳ ಸಾಲೂ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ. ಪರದೆಯ ಚೌಕದಲ್ಲಿ ನಾವು ಏನನ್ನು ಬರೆದರೂ ಜಾವಾಸ್ಕ್ರಿಪ್ಟ್ ಅದನ್ನು ಅಕ್ಷರಗಳ ಸಾಲಾಗಿಯೇ ಸ್ವೀಕರಿಸುತ್ತದೆ. ಎರಡು ಸಂಖ್ಯೆಗಳನ್ನು ಹೋಲಿಸುವಾಗ ಅದು ಪರಿಮಾಣವನ್ನು ನೋಡುತ್ತದೆ. ಎರಡು ಅಕ್ಷರಸಾಲುಗಳನ್ನು ಹೋಲಿಸುವಾಗ ನಿಘಂಟಿನ ಕ್ರಮವನ್ನು ನೋಡುತ್ತದೆ. ನಿಘಂಟಿನಲ್ಲಿ ‘ಅರಮನೆ’ ಮೊದಲು ಬಂದು ‘ಇರುವೆ’ ಆಮೇಲೆ ಬರುತ್ತದೆ. ಅರಮನೆಗಿಂತ ಇರುವೆ ದೊಡ್ಡದೆಂದು ಅದರ ಅರ್ಥವಲ್ಲ. ಮೊದಲ ಅಕ್ಷರದ ಸ್ಥಾನವಷ್ಟೇ ಅಲ್ಲಿನ ಲೆಕ್ಕ. ಹಾಗೆಯೇ ‘900’ ಮತ್ತು ‘2000’ ಎಂಬ ಸಾಲುಗಳಲ್ಲಿ ಮೊದಲ ಅಕ್ಷರಗಳಾದ 9 ಮತ್ತು 2 ಮಾತ್ರ ಎದುರುಬದುರಾದವು. 9 ಆಮೇಲಿನದು, ಆದುದರಿಂದ 900 ‘ದೊಡ್ಡದು’. ‘12000’ದ ಮೊದಲ ಅಕ್ಷರ 1, ಆದುದರಿಂದ ಅದು ‘ಚಿಕ್ಕದು’. ಪರೀಕ್ಷೆಗೆ ಹಾಕಿದ 3,500 ಮತ್ತು 1,500 ಎರಡೂ ಮಿತಿಯಂತೆಯೇ ನಾಲ್ಕಂಕಿಯವು. ಅಂಕಿಗಳ ಎಣಿಕೆ ಸಮವಾಗಿದ್ದಾಗ ನಿಘಂಟಿನ ಕ್ರಮವೂ ಸಂಖ್ಯೆಯ ಕ್ರಮವೂ ಒಂದೇ ಉತ್ತರ ಕೊಡುತ್ತವೆ. ತಪ್ಪು ಅಡಗಿಕೊಂಡದ್ದು ಅಲ್ಲಿ.

ಎರಡರಲ್ಲಿ ಒಂದಾದರೂ ಸಂಖ್ಯೆಯಾಗಿದ್ದಿದ್ದರೆ ಈ ಭಾಷೆ ಇನ್ನೊಂದನ್ನು ತಾನೇ ಸಂಖ್ಯೆಯಾಗಿ ಪರಿವರ್ತಿಸಿಕೊಂಡು ಹೋಲಿಸುತ್ತಿತ್ತು. ಅದು ಅದರ ಉಪಕಾರಬುದ್ಧಿ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಅವರು ಹತ್ತೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಬರೆಯುವವರಿಗೆ ತೊಡಕಾಗದಂತೆ, ಪ್ರಕಾರ ಬೇರೆಯಾದರೂ ಹೇಗಾದರೂ ಹೊಂದಿಸಿ ಒಂದು ಉತ್ತರ ಕೊಡುವ ಗುಣ ಅದಕ್ಕೆ ಬಂದಿತು. ಅಕ್ಷರಗಳ ‘10’ ಮತ್ತು ಸಂಖ್ಯೆಯ 10 ಸಮವೇ ಎಂದು ಎರಡು ಸಮಚಿಹ್ನೆಗಳಿಂದ ಕೇಳಿದರೆ ಅದು ‘ಹೌದು’ ಎನ್ನುತ್ತದೆ. ಈ ಉಪಕಾರ ಅಪಾಯಕಾರಿಯೆಂದು ಅರಿವಾದ ಮೇಲೆ, 1999ರ ಪ್ರಮಾಣಿತ ರೂಪದಲ್ಲಿ ಮೂರು ಸಮಚಿಹ್ನೆಗಳ ಕಟ್ಟುನಿಟ್ಟಾದ ಹೋಲಿಕೆಯನ್ನು ಸೇರಿಸಿದರು. ಅಲ್ಲಿ ಮೊದಲು ಪ್ರಕಾರವನ್ನು ನೋಡಲಾಗುತ್ತದೆ. ಪ್ರಕಾರ ಬೇರೆಯಾದರೆ ‘ಅಲ್ಲ’ ಎಂಬುದೇ ಉತ್ತರ. ಆದರೆ ದೊಡ್ಡದು-ಚಿಕ್ಕದು ಎಂಬ ಹೋಲಿಕೆಗೆ ಅಂತಹ ಕಟ್ಟುನಿಟ್ಟಿನ ಚಿಹ್ನೆ ಆ ಭಾಷೆಯಲ್ಲಿಲ್ಲ.

ಮಗನು ಬಾಕಿಯನ್ನೂ ಮಿತಿಯನ್ನೂ ಸಂಖ್ಯೆಯಾಗಿ ಪರಿವರ್ತಿಸುವಂತೆ ತಿದ್ದಿ ಪಟ್ಟಿಗಳನ್ನು ಹೊಸದಾಗಿ ತೆಗೆದನು. ಈ ಸಲ ವರ್ತಕರು ಹೆಸರು ಹೆಸರಾಗಿ ಎಣಿಸಿದರು. ತಗಾದೆಗೆ 58, ಮನ್ನಾಕ್ಕೆ 83, ಒಟ್ಟು 141. ಐದು ಖಾತೆಗಳು ಎರಡು ಪಟ್ಟಿಗಳಲ್ಲೂ ಇರಲಿಲ್ಲ!

ಹುಡುಕಿದಾಗ ಆ ಐವರೂ ಹಳೆಯ ಖಾತೆದಾರರೆಂದು ತಿಳಿಯಿತು. ತಂದೆಯ ಕಾಲದ ರೂಢಿಯಂತೆ ಅವರ ಬಾಕಿಗಳು ಕನ್ನಡ ಅಂಕಿಗಳಲ್ಲಿದ್ದವು. ಗುಮಾಸ್ತರು ಇದ್ದುದನ್ನು ಇದ್ದ ಹಾಗೆ ೯೦೦, ೧೨೫೦ ಎಂದು ಕನ್ನಡದಲ್ಲಿಯೇ ತುಂಬಿದ್ದರು. ಅಂತರರಾಷ್ಟ್ರೀಯವಾದ ಯುನಿಕೋಡ್ ಸಂಕೇತಪಟ್ಟಿಯಲ್ಲಿ 0ಯಿಂದ 9ರವರೆಗಿನ ಅಂಕಿಗಳಿಗೆ 48ರಿಂದ 57ರವರೆಗಿನ ಸ್ಥಾನಗಳಿವೆ. ಕನ್ನಡದ ೦ಯಿಂದ ೯ರವರೆಗೆ 3302ರಿಂದ 3311. ಅಕ್ಷರಸಾಲುಗಳಾಗಿ ಹೋಲಿಸಿದಾಗ ಕನ್ನಡದ ೧ ಕೂಡ ಇಂಗ್ಲಿಷಿನ 9ಕ್ಕಿಂತ ದೊಡ್ಡದಾಗುತ್ತದೆ. ಮೊದಲ ಸಲ ಆ ಐವರಿಗೂ ತಗಾದೆ ಹೋದದ್ದು ಹಾಗೆ. ಸಂಖ್ಯೆಯಾಗಿ ಪರಿವರ್ತಿಸಲು ಹೊರಟಾಗ ಜಾವಾಸ್ಕ್ರಿಪ್ಟ್ ಕನ್ನಡದ ಅಂಕಿಗಳನ್ನು ಗುರುತಿಸದೆ ‘ಇದು ಸಂಖ್ಯೆಯಲ್ಲ’ ಎಂಬ ಒಂದು ವಿಶೇಷ ಗುರುತನ್ನು ಇಟ್ಟುಬಿಡುತ್ತದೆ. ಆ ಗುರುತು ಎರಡು ಸಾವಿರಕ್ಕಿಂತ ದೊಡ್ಡದೇ? ಅಲ್ಲ. ಚಿಕ್ಕದೇ? ಅಲ್ಲ. ಸಮವೇ? ಅದೂ ಅಲ್ಲ. ತನಗೆ ತಾನೇ ಕೂಡ ಅದು ಸಮವಲ್ಲ. ಕನ್ನಡದಲ್ಲಿ ಬರೆದ ಐವರು ಬಡವರು ಮನ್ನಾಕ್ಕೂ ಸಲ್ಲದೆ ತಗಾದೆಗೂ ಸಲ್ಲದೆ ಲೆಕ್ಕದಿಂದಲೇ ಕಾಣೆಯಾದದ್ದು ಹೀಗೆ. ಪೈಥಾನ್ ಎಂಬ ಇನ್ನೊಂದು ಭಾಷೆಗೆ ೯೦೦ ಎಂದು ಕೊಟ್ಟು ಸಂಖ್ಯೆಯಾಗಿಸು ಎಂದರೆ ಅದು ತಕರಾರಿಲ್ಲದೆ 900 ಎಂದು ಓದುತ್ತದೆ. ಆದುದರಿಂದ ಕೊರತೆ ಕನ್ನಡ ಅಂಕಿಯದಲ್ಲ.

ಮೂರನೆಯ ತಪ್ಪೂ ಒಂದಿತ್ತು. ನಾಲ್ಕು ಖಾತೆಗಳ ಬಾಕಿಯ ಚೌಕವನ್ನು ಗುಮಾಸ್ತರು ಖಾಲಿ ಬಿಟ್ಟಿದ್ದರು. ಆ ಲೆಕ್ಕಗಳನ್ನು ಇನ್ನೂ ಕೂಡಿಸಿರಲಿಲ್ಲ. ಖಾಲಿ ಸಾಲನ್ನು ಸಂಖ್ಯೆಯಾಗಿಸಿದಾಗ ಜಾವಾಸ್ಕ್ರಿಪ್ಟ್ ಅದನ್ನು ಸೊನ್ನೆ ಎಂದು ಎಣಿಸುತ್ತದೆ. ‘ಇನ್ನೂ ತಿಳಿದಿಲ್ಲ’ ಎಂಬುದು ‘ಏನೂ ಇಲ್ಲ’ ಎಂದಾಯಿತು. ಲೋಕವ್ಯವಹಾರದಲ್ಲಿಯೂ ಈ ತಪ್ಪಿಗಿಂತ ದೊಡ್ಡ ತಪ್ಪುಗಳು ಕಡಿಮೆ. ಸಾಕ್ಷ್ಯ ಸಿಕ್ಕಿಲ್ಲವೆಂಬುದನ್ನು ಅಪರಾಧವಿಲ್ಲವೆಂದೂ, ದೂರು ಬಂದಿಲ್ಲವೆಂಬುದನ್ನು ದುಃಖವಿಲ್ಲವೆಂದೂ ತಿಳಿಯುವವರು ಎಷ್ಟು ಮಂದಿಯಿಲ್ಲ! ದೊಡ್ಡ ದತ್ತಕೋಶಗಳ ಭಾಷೆಯಾದ ಎಸ್‌ಕ್ಯೂಎಲ್ ಇದಕ್ಕೆಂದೇ ಒಂದು ಪ್ರತ್ಯೇಕ ಗುರುತನ್ನು ಇಟ್ಟುಕೊಂಡಿದೆ. ತಿಳಿಯದ ಮೌಲ್ಯವನ್ನು ಯಾವುದರೊಡನೆ ಹೋಲಿಸಿದರೂ ಅಲ್ಲಿ ಬರುವ ಉತ್ತರ ಹೌದೂ ಅಲ್ಲ, ಅಲ್ಲವೆಂಬುದೂ ಅಲ್ಲ. ‘ತಿಳಿಯದು’ ಎಂಬ ಮೂರನೆಯ ಉತ್ತರ.

ಗಣಕಭಾಷೆಗಳನ್ನು ರೂಪಿಸಿದವರೂ ಈ ವಿಷಯದಲ್ಲಿ ಕ್ರಮೇಣ ಪಾಠ ಕಲಿತರು. ಗೈಡೊ ವಾನ್ ರಾಸಮ್ ಅವರು ರಚಿಸಿ 1991ರಲ್ಲಿ ಹೊರತಂದ ಪೈಥಾನ್ ಭಾಷೆಯ ಹಳೆಯ ರೂಪಗಳಲ್ಲಿ, ಸಂಖ್ಯೆ ದೊಡ್ಡದೋ ಅಕ್ಷರಸಾಲು ದೊಡ್ಡದೋ ಎಂದು ಕೇಳಿದರೂ ಒಂದು ಉತ್ತರ ಬರುತ್ತಿತ್ತು. ಎಷ್ಟೇ ದೊಡ್ಡ ಸಂಖ್ಯೆಯಾದರೂ ಅದು ಅಕ್ಷರಸಾಲಿಗಿಂತ ಚಿಕ್ಕದು ಎಂಬ ಉತ್ತರ. ಅದಕ್ಕೆ ಅರ್ಥವಿರಲಿಲ್ಲ, ಕ್ರಮವಿತ್ತು ಅಷ್ಟೆ. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಅದು ಉತ್ತರ ಕೊಡುವುದನ್ನೇ ನಿಲ್ಲಿಸಿತು. ಪ್ರಕಾರ ಬೇರೆ, ಹೋಲಿಸಲಾರೆ ಎಂದು ದೋಷವನ್ನು ಸಾರಿ ಕೆಲಸವನ್ನು ಅಲ್ಲಿಗೇ ತಡೆಯುತ್ತದೆ. ಪಿಎಚ್‌ಪಿ ಎಂಬ ಭಾಷೆಯಲ್ಲಿ ಸೊನ್ನೆಯೂ ಅಂಕಿಯಲ್ಲದ ಯಾವುದಾದರೂ ಒಂದು ಪದವೂ ಸಮವೆಂಬ ವಿಚಿತ್ರ ಉತ್ತರ ಬಹುಕಾಲ ಬರುತ್ತಿತ್ತು. 2020ರ ನವೆಂಬರಿನ ಎಂಟನೆಯ ಆವೃತ್ತಿಯಲ್ಲಿ ಅದನ್ನು ತಿದ್ದಿದರು. ನಮ್ಮ ಬಸದಿಗಳ ಟ್ರಸ್ಟುಗಳಲ್ಲಿಯೂ ಅಂಗಡಿಗಳಲ್ಲಿಯೂ ಬಳಕೆಯಲ್ಲಿರುವ ಎಕ್ಸೆಲ್ ತಃಖ್ತೆಯಲ್ಲಿ, ಅಕ್ಷರವಾಗಿ ಕುಳಿತ ಅಂಕಿಯನ್ನು ಮೊತ್ತದ ಸೂತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೋಲಿಕೆಗೆ ಬಂದರೆ ಅಕ್ಷರವನ್ನು ಎಲ್ಲ ಸಂಖ್ಯೆಗಳಿಗಿಂತಲೂ ದೊಡ್ಡದೆಂದು ಎಣಿಸುತ್ತದೆ. ದಾನದ ಪಟ್ಟಿಯ ಮೊತ್ತ ಕಡಿಮೆ ಬಂದಾಗ ಖಜಾಂಚಿಯನ್ನು ಶಂಕಿಸುವ ಮೊದಲು, ಯಾವ ಅಂಕಿಗಳು ಮನೆಯ ಎಡಬದಿಗೆ ಅಂಟಿಕೊಂಡಿವೆ ಎಂದು ನೋಡುವುದು ಒಳ್ಳೆಯದು. ಬೇರೆ ಏರ್ಪಾಡು ಮಾಡದಿದ್ದರೆ ಅಕ್ಷರ ಎಡಕ್ಕೆ, ಸಂಖ್ಯೆ ಬಲಕ್ಕೆ ನಿಲ್ಲುತ್ತದೆ.

ಹೋಲಿಸುವ ಮುನ್ನ ಪ್ರಕಾರವನ್ನು ಗೊತ್ತುಮಾಡಿಕೊಳ್ಳಬೇಕೆಂಬುದು ನಮ್ಮ ಗಣಿತ ಪರಂಪರೆಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ವು ಕೂಡು-ಕಳೆಗಳಿಂದ ಆರಂಭವಾಗುವುದಿಲ್ಲ. ಅದರ ಮೊದಲ ಅಧಿಕಾರದಲ್ಲಿ ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹ ಇವುಗಳ ಪರಿಭಾಷೆಗಳು ಬೇರೆಬೇರೆಯಾಗಿ ಬರುತ್ತವೆ. ಯಾವುದನ್ನು ಯಾವ ಮಾನದಿಂದ ಅಳೆಯಬೇಕೆಂಬುದು ಮೊದಲು, ಲೆಕ್ಕ ಆಮೇಲೆ. ಕನ್ನಡ ಅನುವಾದದೊಡನೆ ಈ ಗ್ರಂಥವು 2000ದಲ್ಲಿ ಹೊಂಬುಜ ಜೈನಮಠದಿಂದ ಪ್ರಕಟವಾಗಿರುವುದರಿಂದ ಆಸಕ್ತರು ಓದಿ ನೋಡಬಹುದು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ಈ ವಿದ್ಯೆಯನ್ನು ‘ವ್ಯವಹಾರಗಣಿತ’ದ ಮೂಲಕ ಕನ್ನಡಕ್ಕೆ ತಂದನು. ತ್ರೈರಾಶಿಕದ ನಿಯಮವನ್ನು ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳಲ್ಲಿ ಪ್ರಮಾಣವೂ ಇಚ್ಛೆಯೂ ಒಂದೇ ಬಗೆಯವಾಗಿರಬೇಕು. ಐದು ಸೇರು ಅಕ್ಕಿಗೆ ಇಷ್ಟು ಬೆಲೆಯಾದರೆ ಎಂಟು ಸೇರು ಅಕ್ಕಿಗೆ ಎಷ್ಟು ಎಂದು ಕೇಳಬಹುದು; ಎಂಟು ಕೊಳಗಕ್ಕೆ ಎಷ್ಟು ಎಂದು ಕೇಳುವುದಾದರೆ ಕೊಳಗವನ್ನು ಮೊದಲು ಸೇರಿಗೆ ಇಳಿಸಿಕೊಳ್ಳಬೇಕು. ನಮ್ಮ ದಾನಶಾಸನಗಳನ್ನು ಬರೆಯಿಸಿದವರೂ ಇದನ್ನು ಬಲ್ಲವರಾಗಿದ್ದರು. ಬಸದಿಗೆ ಬಿಟ್ಟ ಭೂಮಿ ಇಷ್ಟು ಮತ್ತರು ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾವ ಗಳೆಯಿಂದ ಅಳೆದದ್ದೆಂಬುದನ್ನೂ ಅನೇಕ ಶಾಸನಗಳು ಕಲ್ಲಿನ ಮೇಲೆ ಕೆತ್ತಿ ಇಟ್ಟಿವೆ.

ಪರಿವರ್ತನೆ ಸರಿಯಾಗಿಯೇ ನಡೆದರೂ ಏನೋ ಒಂದಿಷ್ಟು ಉದುರಿಹೋಗುತ್ತದೆಂಬುದನ್ನು ವರ್ತಕರ ತಂದೆಯವರು 1957ರಲ್ಲಿ ಕಂಡಿದ್ದರು. ಆ ವರ್ಷದ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಆಣೆಗೆ ಆರೂಕಾಲು ಪೈಸೆ, ಕಾಲುಪೈಸೆಯ ನಾಣ್ಯವಿರಲಿಲ್ಲ. ಸರ್ಕಾರದ ಕೋಷ್ಟಕದಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಒಂದೊಂದಾಣೆಯಂತೆ ಮೂರು ಸಲ ಕೊಂಡವನಿಗೆ 18 ಪೈಸೆಯಾಗುತ್ತಿತ್ತು, ಒಟ್ಟಿಗೆ ಕೊಂಡವನಿಗೆ 19. ಆ ವರ್ಷಗಳ ಖಾತೆ ಪುಸ್ತಕದಲ್ಲಿ ತಂದೆಯವರು ಪ್ರತಿಯೊಂದು ಮೊತ್ತದ ಪಕ್ಕದಲ್ಲಿಯೂ ‘ಆ.’ ಅಥವಾ ‘ನ.ಪೈ.’ ಎಂದು ಬಿಡದೆ ಬರೆದಿದ್ದಾರೆ. ಗುರುತಿಲ್ಲದ ಅಂಕಿ ಆ ಪುಸ್ತಕದಲ್ಲಿ ಒಂದೂ ಇಲ್ಲ. ಅದೇ ಎಚ್ಚರ ತಪ್ಪಿದಾಗ ಎಂತಹ ದೊಡ್ಡವರಿಗೂ ಏನಾಗುತ್ತದೆಂಬುದನ್ನು ಜಗತ್ತು 1999ರ ಸೆಪ್ಟೆಂಬರ್ 23ರಂದು ಕಂಡಿತು. ಅಮೆರಿಕದ ನಾಸಾ ಸಂಸ್ಥೆ ಮಂಗಳಗ್ರಹಕ್ಕೆ ಕಳುಹಿಸಿದ್ದ ನೌಕೆಯೊಂದು ಆ ದಿನ ಕೈತಪ್ಪಿಹೋಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಬಲದ ಲೆಕ್ಕವನ್ನು ಪೌಂಡಿನ ಮಾನದಲ್ಲಿ ಕೊಟ್ಟಿತ್ತು. ಅದನ್ನು ಸ್ವೀಕರಿಸಿದ ಪ್ರೋಗ್ರಾಂ ನ್ಯೂಟನ್ ಮಾನವೆಂದು ಓದಿಕೊಂಡಿತ್ತು. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್. ಅಂಕಿ ತಲುಪಿತು, ಅದರ ಪ್ರಕಾರ ತಲುಪಲಿಲ್ಲ.

ನಮ್ಮ ಆಗಮ ಪರಂಪರೆಯಲ್ಲಿ ನಿಕ್ಷೇಪವೆಂಬ ವಿಚಾರವಿದೆ. ಒಂದು ಪದವನ್ನು ಕೇಳಿದೊಡನೆ ಅದನ್ನು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕರಲ್ಲಿ ಯಾವುದಾಗಿ ತೆಗೆದುಕೊಳ್ಳಬೇಕೆಂದು ಮೊದಲು ನಿಶ್ಚಯಿಸಬೇಕು. ಇಂದ್ರನೆಂದು ಹೆಸರಿಟ್ಟ ಮಗು ನಾಮದಿಂದ ಇಂದ್ರ. ಇಂದ್ರನೆಂದು ಭಾವಿಸಿ ಮಾಡಿದ ಪ್ರತಿಮೆ ಸ್ಥಾಪನೆಯಿಂದ ಇಂದ್ರ. ಮುಂದೆ ಇಂದ್ರನಾಗಲಿರುವ ಜೀವ ದ್ರವ್ಯದಿಂದ ಇಂದ್ರ. ಇಂದ್ರಪದವಿಯಲ್ಲಿ ಇರುವವನೇ ಭಾವದಿಂದ ಇಂದ್ರ. ನಾಮದ ಇಂದ್ರನನ್ನು ಭಾವದ ಇಂದ್ರನೊಡನೆ ಹೋಲಿಸಿ ಯಾರು ಬಲಿಷ್ಠರೆಂದು ಕೇಳುವುದು ಅವಿವೇಕ. ಚೌಕದೊಳಗಿನ ‘900’ ಕೇವಲ ನಾಮ. ವೃದ್ಧೆ ಕೊಡಬೇಕಾಗಿದ್ದ ಒಂಬೈನೂರು ರೂಪಾಯಿ ಭಾವ. ಆಚಾರ್ಯರು ಗಣಕಯಂತ್ರವನ್ನು ಮುಂಗಂಡಿದ್ದರೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಅಂತಹ ಮಾತುಗಳು ಶಾಸ್ತ್ರಕ್ಕೂ ಗೌರವವಲ್ಲ, ವಿಜ್ಞಾನಕ್ಕೂ ಗೌರವವಲ್ಲ. ಅರ್ಥ ನಿಶ್ಚಯವಾಗುವ ಮೊದಲು ತೀರ್ಪು ಕೊಡಬಾರದೆಂಬ ಅವರ ಶಿಸ್ತು ಇಂದಿನ ಯಂತ್ರದ ಮುಂದೆ ಕುಳಿತವನಿಗೂ ಬೇಕು ಎಂಬುದಷ್ಟೇ ತಾತ್ಪರ್ಯ.

ತಪ್ಪು ಗೊತ್ತಾದ ಮೇಲೆ ವರ್ತಕರ ಮುಂದೆ ಇನ್ನೊಂದು ಪ್ರಶ್ನೆ ಉಳಿದಿತ್ತು. ತಪ್ಪು ತಗಾದೆ ಹೋದವರೆಲ್ಲರ ಮನೆಗೂ ಅವರು ಸ್ವತಃ ಹೋಗಿ ಬಂದರು. ಕನ್ನಡ ಅಂಕಿಯ ಐವರೂ ಆ ಹನ್ನೊಂದು ಮಂದಿಯಲ್ಲಿಯೇ ಇದ್ದರು. ಖಾಲಿ ಬಿಟ್ಟಿದ್ದ ನಾಲ್ಕು ಖಾತೆಗಳನ್ನು ಕೂಡಿಸಿ ನೋಡಿದಾಗ ಅದೃಷ್ಟವಶಾತ್ ನಾಲ್ಕೂ ಮಿತಿಯೊಳಗೇ ಇದ್ದವು. ಆದರೆ ತಪ್ಪಾಗಿ ಮನ್ನಾ ಪತ್ರ ಪಡೆದ ಆರು ಮಂದಿಯ ವಿಷಯವೇನು? ಅವರ ಬಾಕಿ ಒಟ್ಟು 82,000 ರೂಪಾಯಿ. “ಅಪ್ಪಾಜಿ, ಹಿಂದಿನ ಪತ್ರ ರದ್ದು ಅಂತ ಇನ್ನೊಂದು ಪತ್ರ ಬರೆದುಬಿಡೋಣ, ತಪ್ಪು ಕಂಪ್ಯೂಟರಿನದು ಅಂದರೆ ಎಲ್ಲರೂ ಒಪ್ಪುತ್ತಾರೆ” ಎಂದನು ಮಗ. ಅಂಗಡಿಯಲ್ಲಿ ಅರ್ಧಪಾಲಿನ ಒಡೆಯರಾದ ತಮ್ಮನವರು ಹೇಳಿದ್ದು ಇನ್ನೂ ಗಟ್ಟಿಯಾದ ಮಾತು: “ಇದ್ದವರಿಗೆ ಬಿಟ್ಟುಕೊಡುವುದು ದಾನವೂ ಅಲ್ಲ, ಕ್ಷಮೆಯೂ ಅಲ್ಲ; ಬರೀ ನಷ್ಟ.”

ತಮ್ಮನವರ ಮಾತು ಸರಿಯೆಂದು ವರ್ತಕರೂ ಒಪ್ಪಿದರು. ಆದರೂ ಪತ್ರಗಳನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. “ನೋಡಪ್ಪ, ಅಚ್ಚು ಹಾಕಿದ್ದು ಯಂತ್ರ, ಸಹಿ ಹಾಕಿದ್ದು ನಾನು. ಓದಿ ಸಹಿ ಹಾಕಿದ್ದರೆ 12,000 ಎಂಬುದು ಕಣ್ಣಿಗೆ ಬೀಳುತ್ತಿರಲಿಲ್ಲವೆ?” ಎಂದರು. 82,000 ರೂಪಾಯಿಯನ್ನು ಅಂಗಡಿಯ ನಷ್ಟಕ್ಕೆ ಸೇರಿಸದೆ ತಮ್ಮ ಸ್ವಂತ ಖಾತೆಗೆ ಖರ್ಚು ಬರೆಸಿದರು. ಮುಂದೆ ಆ ಆರು ಮಂದಿಯಲ್ಲಿ ಇಬ್ಬರು, ಅವರಲ್ಲಿ ಆ ಗುತ್ತಿಗೆದಾರರೂ ಒಬ್ಬರು, ತಾವಾಗಿಯೇ ಬಂದು ಬಾಕಿ ಕಟ್ಟಿದರು. ನಾಲ್ವರು ಬರಲಿಲ್ಲ. ಅವರ ಮೇಲೆ ವರ್ತಕರಿಗೆ ದೂರಿಲ್ಲ.

ಹಣದ ಲೆಕ್ಕ ಹೀಗೆ ತೀರಿತು. ತೀರದೆ ಉಳಿದದ್ದು ಆಡಿನ ಲೆಕ್ಕ. ತತ್ತ್ವಾರ್ಥಸೂತ್ರವು ಹಿಂಸೆಯ ಸ್ವರೂಪವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ಕೊಲ್ಲಬೇಕೆಂಬ ಸಂಕಲ್ಪವಿಲ್ಲದಿದ್ದರೂ ಇರಬೇಕಾದ ಎಚ್ಚರ ಇಲ್ಲದಿದ್ದುದು ದೋಷವೇ. ಯಂತ್ರಕ್ಕೆ ಸಂಕಲ್ಪವೂ ಇಲ್ಲ, ಪ್ರಮಾದವೂ ಇಲ್ಲ. ಅದು ಹೇಳಿದ್ದನ್ನು ಮಾಡಿತು. ಪ್ರಮಾದ ಅದನ್ನು ನಂಬಿ ಕುಳಿತವರದು. ಆ ವರ್ಷದ ಕ್ಷಮಾವಣಿಯ ದಿನ ಬಸದಿಯಲ್ಲಿ ಎಲ್ಲರೂ ಪರಸ್ಪರ ಕ್ಷಮೆ ಕೇಳುವಾಗ ವರ್ತಕರು ಕೈಮುಗಿದು ನಿಂತರು, ಮಾತು ಹೊರಡಲಿಲ್ಲವೆಂದು ಅಲ್ಲಿದ್ದವರು ಹೇಳುತ್ತಾರೆ. ಅವರು ಕ್ಷಮೆ ಕೇಳಬೇಕಾಗಿದ್ದ ಒಂದು ಜೀವ ಆ ಸಭೆಯಲ್ಲಿರಲಿಲ್ಲ.

ಟ್ರಸ್ಟುಗಳ ಲೆಕ್ಕವನ್ನೂ ಅಂಗಡಿಯ ಲೆಕ್ಕವನ್ನೂ ಗಣಕಯಂತ್ರಕ್ಕೆ ಒಪ್ಪಿಸುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸುವುದು ಯುಕ್ತ. ಮೊತ್ತದ ಚೌಕದಲ್ಲಿ ಬರೆದದ್ದು ಬರೆದ ಕ್ಷಣದಲ್ಲಿಯೇ ಸಂಖ್ಯೆಯಾಗಬೇಕು. ಆಗದಿದ್ದರೆ ಯಂತ್ರ ಅಲ್ಲಿಯೇ ನಿಲ್ಲಬೇಕು. ಕನ್ನಡ ಅಂಕಿಗಳನ್ನು ಓದುವ ಏರ್ಪಾಡಿರಬೇಕು. ಖಾಲಿ ಬಿಟ್ಟದ್ದನ್ನು ಸೊನ್ನೆಯೆಂದು ಎಣಿಸಬಾರದು. ಅದಕ್ಕೆ ಮೂರನೆಯ ಪಟ್ಟಿಯೊಂದಿರಬೇಕು. ಪರೀಕ್ಷಿಸುವಾಗ ಎರಡಂಕಿಯ, ಮೂರಂಕಿಯ, ಐದಂಕಿಯ ಮೊತ್ತಗಳನ್ನೆಲ್ಲ ಹಾಕಿ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬ ಮನುಷ್ಯನ ಮನೆಯ ಬಾಗಿಲಿಗೆ ಹೋಗುವ ಪತ್ರವನ್ನು ಮತ್ತೊಬ್ಬ ಮನುಷ್ಯನು ಓದಿರಬೇಕು. ಗೊತ್ತಿಲ್ಲದಾಗ ಗೊತ್ತಿಲ್ಲವೆಂದು ನಿಲ್ಲುವ ಯಂತ್ರವು, ಸುಮ್ಮನೆ ಏನಾದರೊಂದು ಉತ್ತರ ಕೊಟ್ಟು ಉಪಕಾರ ಮಾಡುವ ಯಂತ್ರಕ್ಕಿಂತ ಮೇಲು. ಮನುಷ್ಯರಿಗೂ ಈ ಮಾತು ಸಲ್ಲುತ್ತದೆ.

ಹುಣಸೂರಿನ ಆ ಅಂಗಡಿಯಲ್ಲಿ ಈಗಲೂ ಭಾದ್ರಪದಕ್ಕೆ ಮೊದಲು ಪಟ್ಟಿಗಳನ್ನು ತೆಗೆಯುವುದು ಮಗ ತಿದ್ದಿ ಬರೆದ ಅದೇ ಪ್ರೋಗ್ರಾಂ. ಆದರೆ ಸಹಿಯ ಕೆಲಸ ಈಗ ಒಂದು ಸಂಜೆಯಲ್ಲಿ ಮುಗಿಯುವುದಿಲ್ಲ; ನಾಲ್ಕು ದಿನ ಹಿಡಿಯುತ್ತದೆ. ವರ್ತಕರು ಕನ್ನಡಕ ಏರಿಸಿಕೊಂಡು ಒಂದೊಂದೇ ಪತ್ರವನ್ನು ಎತ್ತಿ, ಹೆಸರು, ಊರು, ಬಾಕಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಎದುರಿಗೆ ಕುಳಿತ ಗುಮಾಸ್ತರು ಖಾತೆ ಪುಸ್ತಕದಲ್ಲಿ ನೋಡಿ “ಹೌದು” ಎಂದ ಮೇಲೆ ಸಹಿ ಬೀಳುತ್ತದೆ.